ಸೂರಮ್ಮನ ಫೋನು ಕಾದ ಗಾದ್ರಪ್ಪ

ಬೋರನಹಟ್ಟಿಗೆ ಬಂದ ಮೊಟ್ಟಮೊದಲ ಮೊಬೈಲ್ ಫೋನನ್ನು ಎಲ್ಲರಿಗಿಂತ ಮುಂಚೆ ಕಿವಿಗೆ ಹಿಡಿದವನು ನಾನು! ಸುಳ್ಳು ಅನ್ನೋರು ಎದ್ದು ಹೇಳಲಿ. ಸೂರಮ್ಮ ಇದ್ದಿದ್ದರೆ ಹೌದು ಅನ್ನೋಳು, ಹೋದಳು. ಗಿರಣಿ ಈರಣ್ಣ ಇದ್ದಿದ್ದರೆ ಹೌದು ಅನ್ನೋನು, ಅವನೂ ಹೋದ. ಎಲ್ಲರಿಗಿಂತ ದೊಡ್ಡ ಸಾಕ್ಷಿ ಸೂರಮ್ಮನ ಎಮ್ಮೆ, ಅದೂ ಹೋಯಿತು. ಉಳಿದಿರೋನು ಸೂರಮ್ಮನ ಮಗ ಗಾದ್ರಪ್ಪ ಒಬ್ಬ. ಅವನನ್ನು ಕೇಳೋಕೆ ಹೋದರೆ ನಿಮ್ಮನ್ನು ದೇವರೇ ಕಾಪಾಡಬೇಕು. ಕೆಂಚವ್ವ, ಹಾಲಿನ ಕ್ಯಾನು ಪಕ್ಕಕ್ಕಿಟ್ಟು ಕೂತ್ಕೋ. ನಗೋದು ಆಮೇಲೆ.

ಸೂರಮ್ಮನಿಗೆ ಇಬ್ಬರು ಮಕ್ಕಳು. ಮಗಳು ಮಾರಕ್ಕ ಗೀರಿದರೆ ಹತ್ತುವ ಬೆಂಕಿಕಡ್ಡಿ. ಮಗ ಗಾದ್ರಪ್ಪ? ಅಯ್ಯೋ, ಒದ್ದೆ ಸೌದೆ! ಸೋಮಾರಿಯಲ್ಲ, ಕೆಟ್ಟವನಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡೋನು, ಅದೇ ಅವನ ರೋಗ. ಬಾಗಿಲು ನೋಡ್ಕೋ ಅಂದರೆ ಬಾಗಿಲನ್ನೇ ಕಣ್ಣು ಮಿಟುಕಿಸದೆ ನೋಡುತ್ತ ಕೂರೋನು. ಬೆಕ್ಕು ಕಿಟಕಿಯಿಂದ ಬಂದು ಹಾಲು ಕುಡಿದು ಹೋದರೆ, "ಕಿಟಕಿ ನೋಡು ಅಂತ ನೀನು ಹೇಳಲಿಲ್ಲವಲ್ಲವ್ವ" ಅನ್ನೋನು.

ಮಾರಕ್ಕನನ್ನು ಹೊಸದುರ್ಗಕ್ಕೆ ಕೊಟ್ಟಿತ್ತು. ಚೊಚ್ಚಲ ಬಸುರಿ, ಸಣ್ಣ ಮೈ. ಡಾಕ್ಟರಮ್ಮ ಹೊಟ್ಟೆ ಮುಟ್ಟಿ ನೋಡಿ, "ಹೆರಿಗೆ ಸಲೀಸಲ್ಲ, ಪ್ರಯಾಣ ಬೇಡ, ಇಲ್ಲೇ ಇರಲಿ" ಅಂದುಬಿಟ್ಟಿದ್ದಳು. ಸೂರಮ್ಮನೇ ಹೋಗೋಣ ಅಂದರೆ ಎಮ್ಮೆಯನ್ನೂ ಮಗನನ್ನೂ ಯಾರ ಮೇಲೆ ಬಿಟ್ಟು ಹೋದಾಳು? ಎಮ್ಮೆಯನ್ನಾದರೂ ಬಿಡಬಹುದು, ಮಗನನ್ನು ಬಿಡೋ ಹಾಗಿಲ್ಲ. ಅದಕ್ಕೇ ಅಳಿಯ ಕರಿಯಣ್ಣ ಒಂದು ಫೋನು ತಂದುಕೊಟ್ಟ. ಇಟ್ಟಿಗೆಯಂಥ ಫೋನು, ಕರಿ ಬಣ್ಣ, ಗುಂಡಿಗಳ ಸಾಲು.

"ಅತ್ತೆ, ಹೆರಿಗೆಯಾದ ತಕ್ಷಣ ನಾನು ಬಾರಿಸ್ತೀನಿ. ಬಾರಿಸಿದಾಗ ಈ ಹಸಿರು ಗುಂಡಿ ಒತ್ತಬೇಕು. ಒತ್ತದಿದ್ದರೆ ಎಷ್ಟು ಬಡಕೊಂಡರೂ ನನ್ನ ಮಾತು ಕೇಳಲ್ಲ. ಗೊತ್ತಾಯ್ತಾ?"

"ಹಸಿರು ಗುಂಡಿ, ಹಸಿರು ಗುಂಡಿ" ಅಂತ ಸೂರಮ್ಮ ದೇವರ ಹೆಸರಿನ ಹಾಗೆ ಹೇಳಿಕೊಂಡಳು. ಅವತ್ತಿನಿಂದ ಅವಳಿಗೆ ಊಟ ರುಚಿಸಲಿಲ್ಲ. ಕಣ್ಣು ಫೋನಿನ ಮೇಲೆ, ಜೀವ ಹೊಸದುರ್ಗದಲ್ಲಿ.

ಫೋನು ಬಂತು, ಚಾರ್ಜು ಹೋಯಿತು. ಸೂರಮ್ಮನ ಮನೆಯ ಕರೆಂಟು ಬಲ್ಬಿಗೇ ಸಾಲದು. ಗಟ್ಟಿ ಕರೆಂಟು ಇದ್ದದ್ದು ಈರಣ್ಣನ ಹಿಟ್ಟಿನ ಗಿರಣಿಯಲ್ಲಿ.

"ಗಾದ್ರಪ್ಪ, ಗಿರಣಿಗೆ ಹೋಗಿ ಚಾರ್ಜಿಗೆ ಹಾಕು. ಬಿಸಿಯಾದರೆ ತೆಗೆದು ತಣ್ಣಗೆ ಮಾಡು."

"ಆಗಲವ್ವ!"

ಹೋದ, ಹಾಕಿದ, ಪಕ್ಕದಲ್ಲೇ ಕೂತ. ಮುಟ್ಟಿ ನೋಡಿದ, ತಣ್ಣಗಿದೆ. ಮುಟ್ಟಿ ನೋಡಿದ, ಬೆಚ್ಚಗಿದೆ. ಮುಟ್ಟಿ ನೋಡಿದ, ಬಿಸಿ! ಕಿತ್ತವನೇ ಈರಣ್ಣನ ಕುಡಿಯುವ ನೀರಿನ ಹರವಿಗೆ ಗುಳುಂ ಅಂತ ಹಾಕಿದ!

"ಅಯ್ಯೋ ಮುಟ್ಠಾಳ! ಏನೋ ಮಾಡಿದೆ?"

"ತಣ್ಣಗೆ ಮಾಡ್ತಾ ಇದೀನಿ ಈರಣ್ಣಮಾವ. ಇನ್ನೂ ಸ್ವಲ್ಪ ಹೊತ್ತು ಬಿಡು."

ಈಗಿನ ಫೋನು ಆಗಿದ್ದರೆ ಅಲ್ಲಿಗೇ ತಿಥಿ. ಈಗಿನವು ಬೆವರಿದ ಕೈಯಲ್ಲಿ ಹಿಡಿದರೆ ನೆಗಡಿ ಬರೋ ಜಾತಿ. ಆವತ್ತಿನ ಫೋನು ನೀರಿನಿಂದ ಎದ್ದು ಬಂತು, ಮೈ ಕೊಡವಿತು, ಒಂದು ಸಲ ಕೆಮ್ಮಿತು, ದೀಪ ಹಚ್ಚಿಕೊಂಡಿತು!

ಸೂರಮ್ಮ ಹಣೆ ಚಚ್ಚಿಕೊಂಡಳು. "ಲೇ ಪೆದ್ದ! ಫೋನಿಗೆ ನೀರು ತಾಗಿದರೆ ಅಕ್ಕಿಯೊಳಗೆ ಹೂತಿಡಬೇಕು ಕಣೋ, ಅಕ್ಕಿಯೊಳಗೆ! ಅಕ್ಕಿ ನೀರು ಹೀರುತ್ತೆ!"

"ಮೊದಲೇ ಹೇಳಬಾರದಿತ್ತಾ? ಇನ್ನು ಮೇಲೆ ಹಾಗೇ ಮಾಡ್ತೀನವ್ವ."

ಚಾರ್ಜು ಬಂತು, ಸಿಗ್ನಲ್ಲು ಹೋಯಿತು. ಕಂಪನಿಯವರ ಟವರು ಎಲ್ಲೋ ಪೇಟೆಯ ಹತ್ತಿರ. ಹಟ್ಟಿಯವರ ದುಡ್ಡು ಅವರಿಗೆ ಬೇಕು, ಹಟ್ಟಿಗೆ ಕಂಬ ನೆಡೋಕೆ ಮಾತ್ರ ಕೈ ಬಾರದು.

"ಗಾದ್ರಪ್ಪ, ಗುಡ್ಡದ ಕಡೆ ಹೋಗಿ ಸಿಗ್ನಲ್ಲಿನ ಕಡ್ಡಿ ಬರುತ್ತಾ ನೋಡು. ನಿನ್ನಕ್ಕನ ಸುದ್ದಿ ಬಂದರೆ ಹಸಿರು ಗುಂಡಿ ಒತ್ತು."

"ಆಗಲವ್ವ!"

ಹೊರಟ. ದಾರಿಯಲ್ಲಿ ಪರಿಚಯದ ನಾಯಿಯೊಂದು ಬಾಲ ಅಲ್ಲಾಡಿಸುತ್ತ ಬಂದು ಫೋನನ್ನು ಲೊಚಕ್ ಅಂತ ನೆಕ್ಕಿತು. ನೆಕ್ಕಿತಾ? ಒದ್ದೆಯಾಯಿತಾ? ಅಕ್ಕಿ ಬೇಕು! ಗಾದ್ರಪ್ಪ ಗುಡ್ಡ ಬಿಟ್ಟು ಓಡಿದ, ರೇಷನ್ ಅಂಗಡಿಗೆ ನುಗ್ಗಿದ, ಬಾಯಿ ತೆರೆದಿದ್ದ ಅಕ್ಕಿ ಮೂಟೆಗೆ ಮೊಣಕೈವರೆಗೂ ಕೈ ಇಳಿಸಿ ಫೋನು ಹೂತು, ಅಂಗಡಿ ಮುಂದೆ ಧ್ಯಾನಕ್ಕೆ ಕೂತ.

ಅವತ್ತೇ ಅಕ್ಕಿ ಹಂಚುವ ದಿನ! ಅಂಗಡಿಯ ಪಾಲಯ್ಯ ಸೇರಿನಲ್ಲಿ ಮೊಗೆದ, ಸುರಿದ. ಮೊಗೆದ, ಸುರಿದ. ಫೋನು ಯಾರ ಚೀಲಕ್ಕೋ ಹೋಯಿತು. ಸೂರಮ್ಮ ಓಡಿಬಂದು ಎದೆ ಬಡಿದುಕೊಂಡಳು. "ನನ್ನ ಮಗಳ ಸುದ್ದಿ ಯಾವ ಚೀಲದಲ್ಲಿದೆಯೋ ಸ್ವಾಮಿ!" ಸಾಲಿನಲ್ಲಿದ್ದವರೆಲ್ಲ ಬಯ್ಯುತ್ತ ಬಯ್ಯುತ್ತ ಅಕ್ಕಿ ನೆಲಕ್ಕೆ ಸುರಿದು ಜಾಲಾಡಿದರು. ಕೊನೆಗೆ ಪಾಲಯ್ಯನ ಸ್ವಂತ ಚೀಲದಲ್ಲೇ ಸಿಕ್ಕಿತು! ಪಾಲಯ್ಯನ ಚೀಲ ಅಷ್ಟು ದಪ್ಪ ಯಾಕಿತ್ತು ಅಂತ ಜನ ಕೇಳಿದ್ದು ಬೇರೆ ಕತೆ, ಬಿಡಿ.

"ಹೂತಿಟ್ಟರೆ ಸಿಗ್ನಲ್ಲು ಹೆಂಗೆ ಬರುತ್ತೋ ಕತ್ತೆ!" ಅಂದಳು ಸೂರಮ್ಮ. "ಫೋನನ್ನು ಎತ್ತರದಲ್ಲಿ ಹಿಡೀಬೇಕು, ಎತ್ತರದಲ್ಲಿ!"

"ಮೊದಲೇ ಹೇಳಬಾರದಿತ್ತಾ? ಇನ್ನು ಮೇಲೆ ಹಾಗೇ ಮಾಡ್ತೀನವ್ವ."

ಫೋನು ಸಿಕ್ಕಿತು, ದನಿ ಹೋಯಿತು. ಕಿವಿಯ ತೂತಿನಲ್ಲಿ ಅಕ್ಕಿನುಚ್ಚು ಸಿಕ್ಕಿಕೊಂಡು ಗಂಟಲು ಕಟ್ಟಿತ್ತು. ಪೇಟೆಯಲ್ಲಿ ಸಾದಿಕ್ ಅಂತ ಒಬ್ಬ ಫೋನು ರಿಪೇರಿಯವನು. ಸೂರಮ್ಮ ಮಗನನ್ನು ಅಲ್ಲಿಗೆ ಅಟ್ಟಿದಳು.

ಗಾದ್ರಪ್ಪ ನುಗ್ಗೆಕಾಯಿ ಕೀಳುವ ಗಳ ತಂದ, ತುದಿಗೆ ಫೋನು ಬಿಗಿದ, ಬಾವುಟದ ಹಾಗೆ ಎತ್ತಿ ಹಿಡಿದು ಹೊರಟ. ಬಸ್ಸಿನವನು ಹತ್ತಿಸಲಿಲ್ಲ, ನಡೆದೇ ಹೋದ. ಪೇಟೆಯ ಬೀದಿಯಲ್ಲಿ ಜನ ನೋಡಿದರು. ಉದ್ದ ಗಳ, ಮೇಲೆ ಫೋನು, ಕೆಳಗೆ ಗಂಭೀರವಾದ ಮುಖ. ಫೋನು ಕಂಪನಿಯವನೇ ಅಂದುಕೊಂಡರು!

"ಹೊಸ ಕಂಪನಿನಾ ಸಾರ್? ಡೇಟಾ ಎಷ್ಟು ಕೊಡ್ತೀರಿ?"

"ಅವ್ವನ್ನ ಕೇಳಬೇಕು."

"ನೋಡ್ರಪ್ಪ, ಮೇಲಿನವರನ್ನ ಕೇಳ್ತಾನಂತೆ!"

ಒಬ್ಬ ತನ್ನ ಫೋನು ಎತ್ತಿ ಹಿಡಿದು, "ಈ ಗಳ ಬಂದ ಮೇಲೆ ಸಿಗ್ನಲ್ಲು ಫಸ್ಟ್‌ಕ್ಲಾಸು" ಅಂದ. ಇನ್ನೊಬ್ಬ, "ಹೌದು ಹೌದು, ನಂದೂ ಓಡ್ತಾ ಇದೆ" ಅಂದ. ಮತ್ತೊಬ್ಬ ತೋಳು ಮಡಚಿಕೊಂಡು ಬಂದು, "ಮೊದಮೊದಲು ಪುಕ್ಕಟೆ ಕೊಟ್ಟು ಆಮೇಲೆ ರೇಟು ಏರಿಸ್ತೀರಾ ಕಳ್ಳರಾ!" ಅಂತ ಬೈದ. ಗಾದ್ರಪ್ಪ ಎಲ್ಲರಿಗೂ ನಮಸ್ಕಾರ ಮಾಡಿ ರಿಪೇರಿ ಅಂಗಡಿಗೆ ನಡೆದ.

"ಇಳಿಸು ಮಾರಾಯಾ" ಅಂದ ಸಾದಿಕ್.

"ಇಳಿಸಲ್ಲ. ಎತ್ತರದಲ್ಲಿ ಹಿಡಿ ಅಂದಿದ್ದಾಳೆ ಅವ್ವ."

ಬೇಡಿದ, ಗದರಿದ, ಕೊನೆಗೆ ಸಾದಿಕ್ಕೇ ಏಣಿ ಇಟ್ಟು ಅಂಗಡಿ ಸೂರು ಹತ್ತಿ ಕೂತು ರಿಪೇರಿ ಮಾಡಿದ. ನುಚ್ಚು ಕೆದಕಿ ತೆಗೆಯುತ್ತ ಮೇಲಿಂದಲೇ ಭಾಷಣ ಬೇರೆ.

"ಇಂಥಾ ಫೋನು ಇನ್ನು ಹುಟ್ಟಲ್ಲಪ್ಪ! ಉಗುರು ಹಾಕಿದರೆ ಬಿಚ್ಚುತ್ತೆ, ಒತ್ತಿದರೆ ಮುಚ್ಚುತ್ತೆ. ಹೊಸವೋ? ಅಂಟು ಹಾಕಿ ಅಂಟಿಸಿಬಿಟ್ಟಿರ್ತಾರೆ. ಬಿಚ್ಚಬಾರದು, ಮುಟ್ಟಬಾರದು, ಕೆಟ್ಟರೆ ಬಿಸಾಕಿ ಬೇರೆ ತಗೋಬೇಕು. ನಮ್ಮಂಥೋರು ಮಣ್ಣು ತಿನ್ನಬೇಕು!"

ಅಷ್ಟು ಹೇಳೋದಕ್ಕೂ ಗಳ ಅಲುಗಿ ಫೋನು ಕೆಳಗೆ ಬೀಳೋದಕ್ಕೂ ಸರಿಹೋಯಿತು! ಚರಂಡಿಕಲ್ಲಿಗೆ ಬಡಿಯಿತು. ಕಲ್ಲು ಬಿರುಕು ಬಿಟ್ಟಿತು. ಫೋನಿಗೆ ಏನೂ ಆಗಲಿಲ್ಲ.

"ಲೋ ಬೆಪ್ಪ! ಎತ್ತರದಿಂದ ಬಿದ್ದರೆ ಗತಿ ಏನು? ಹುಲ್ಲಿನಲ್ಲಿ ಮೊಟ್ಟೆ ಇಡ್ತಾರಲ್ಲ, ಹಾಗೆ ಮೆತ್ತಗೆ ಇಡೋ!"

"ಮೊದಲೇ ಹೇಳಬಾರದಿತ್ತಾ ಸಾದಿಕಣ್ಣ? ಇನ್ನು ಮೇಲೆ ಹಾಗೇ ಮಾಡ್ತೀನಿ."

ಮನೆಗೆ ಬಂದ. ಹುಲ್ಲು ಹುಡುಕಿದ. ಬಣವೆ ಹುಲ್ಲು ಒರಟು, ಸೂರಿನ ಹುಲ್ಲು ಹಳೇದು. ಮೆತ್ತಗಿದ್ದದ್ದು ಒಂದೇ, ಎಮ್ಮೆಯ ಗೋದಲಿಯಲ್ಲಿ ಆಗ ತಾನೇ ಹಾಕಿದ ಹಸಿಹುಲ್ಲು. ಅದರಲ್ಲಿ ಗೂಡು ಮಾಡಿ, ಫೋನು ಮಲಗಿಸಿ, ಮೇಲೆ ಇನ್ನೊಂದು ಹಿಡಿ ಹುಲ್ಲು ಹೊದಿಸಿದ.

ಎಮ್ಮೆ ಮೂಸಿತು. ನಾಲಿಗೆ ಚಾಚಿತು. ಗುಟುಕ್!

ಸೂರಮ್ಮ ಹೊರಗಿಂದ ಬಂದಳು. "ಫೋನೆಲ್ಲೋ?"

"ಹುಲ್ಲಿನಲ್ಲಿ ಅವ್ವ."

"ಹುಲ್ಲೆಲ್ಲೋ?"

"ಎಮ್ಮೆಯಲ್ಲಿ ಅವ್ವ."

ಈ ಸಲ ಸೂರಮ್ಮ ಬೈಯಲಿಲ್ಲ. ಹಣೆ ಚಚ್ಚಿಕೊಳ್ಳಲೂ ಇಲ್ಲ. ಕೊಟ್ಟಿಗೆಯ ಹೊಸ್ತಿಲ ಮೇಲೆ ಕುಸಿದು ಸೆರಗು ಬಾಯಿಗೆ ಹಿಡಿದಳು. "ಮಾರಕ್ಕ, ನೀನು ಬದುಕಿದ್ದೀಯೋ ಇಲ್ಲವೋ, ನನಗೆ ಯಾರು ಹೇಳ್ತಾರೆ ತಾಯಿ?" ಗಾದ್ರಪ್ಪನಿಗೂ ಅಳು ಬಂತು. ಅವ್ವನ ಪಕ್ಕ ಕೂತು, ಅವಳ ಸೆರಗಿನ ಇನ್ನೊಂದು ತುದಿ ತನ್ನ ಬಾಯಿಗೆ ಹಿಡಿದ.

ಆಗ ಎಮ್ಮೆ ಬಾರಿಸಿತು.

ಟಿರ್ರ್‌ ಟಿರ್ರ್‌! ಎಮ್ಮೆ ಬೆಚ್ಚಿ ಕಿವಿ ನಿಗುರಿಸಿತು, ತನ್ನ ಹೊಟ್ಟೆಯನ್ನು ತಾನೇ ತಿರುಗಿ ನೋಡಿತು. ಬೀದಿಯವರೆಲ್ಲ ಓಡಿಬಂದರು. ನಾನಿದ್ದೆ, ಹಗ್ಗ ಹಿಡಿದವನೇ ನಾನು! ಮೊದಲು ಎಮ್ಮೆಯ ಡೊಕ್ಕೆಗೆ ಕಿವಿ ಹಚ್ಚಿದವನೂ ನಾನೇ. ಒಳಗಿಂದ ಕರಿಯಣ್ಣನ ದನಿ, ಬಾವಿಯಿಂದ ಬಂದ ಹಾಗೆ:

"ಅತ್ತೆ! ಅತ್ತೆ! ಕೇಳ್ತಾ ಇದೆಯಾ?"

ಸೂರಮ್ಮ ನನ್ನನ್ನು ತಳ್ಳಿ ಎಮ್ಮೆಯನ್ನು ತಬ್ಬಿಕೊಂಡಳು. "ಹೇಳಪ್ಪ, ಹೇಳು! ಬೇಗ ಹೇಳು!"

"ಹೆಣ್ಣು ಮಗು ಅತ್ತೆ! ಸಲೀಸಾಗಿ ಆಯ್ತು. ತಾಯಿ ಮಗು ಇಬ್ಬರೂ ಕಲ್ಲುಗುಂಡಿನ ಹಾಗಿದ್ದಾರೆ!" ಆಮೇಲೆ ಮಾರಕ್ಕನ ದನಿ, ಸಣ್ಣಗೆ: "ಅವ್ವಾ... ಅದೇನವ್ವ, ಗೊರ್ ಗೊರ್ ಅಂತ ಸದ್ದು?"

"ಏನಿಲ್ಲ ಮಗಳೇ, ಸಿಗ್ನಲ್ಲು" ಅಂದಳು ಸೂರಮ್ಮ. ನಗುತ್ತಿದ್ದಳೋ ಅಳುತ್ತಿದ್ದಳೋ ಅವಳಿಗೇ ಗೊತ್ತಿಲ್ಲ. ಎದೆಯ ಮೇಲಿನ ಬಂಡೆ ಉರುಳಿಹೋಗಿ, ಎಮ್ಮೆಯ ಮೈಗೆ ಕೆನ್ನೆ ಒತ್ತಿ ಹಾಗೇ ನಿಂತಳು. ಆ ಎಮ್ಮೆಯೂ ಒಳ್ಳೇದು, ಮಾತು ಮುಗಿಯೋವರೆಗೂ ಕಾಲು ಕದಲಿಸಲಿಲ್ಲ.

ಫೋನು ಇಡೋಕೆ ಮುಂಚೆ ಕರಿಯಣ್ಣ ಅಂದ: "ನಾಳೆ ಗಾದ್ರಪ್ಪನ ಕೈಲಿ ಆ ಹಳೇ ಫೋನನ್ನ ಪೇಟೆಯ ಶೋರೂಮಿಗೆ ಕಳಿಸಿ. ಹಳೇದು ತಂದು ಹೊಸದು ಒಯ್ಯಿರಿ ಅಂತ ಬೋರ್ಡು ಹಾಕಿದ್ದಾರೆ. ಹೊಸದರಲ್ಲಿ ಮಗುವಿನ ಮುಖ ಕಾಣುತ್ತೆ!"

ಸಂತೋಷದಲ್ಲಿ ಸೂರಮ್ಮನಿಗೆ ಆ ಮಾತು ಅರ್ಧ ಕೇಳಿತು. ಗಾದ್ರಪ್ಪನಿಗೆ ಪೂರ್ತಿ ಕೇಳಿತು.

ಬೆಳಗಾಯಿತು. ಪೇಟೆಯ ಶೋರೂಮು, ಗಾಜಿನ ಬಾಗಿಲು, ತಣ್ಣನೆ ಗಾಳಿ, ಕನ್ನಡಿಯಂಥ ನೆಲ. ಗಾದ್ರಪ್ಪ ಹಗ್ಗ ಹಿಡಿದು ಒಳಗೆ ಬಂದ. ಹಗ್ಗದ ಹಿಂದೆ ಎಮ್ಮೆ ಬಂತು!

ಕಂಪ್ಯೂಟರಿನಲ್ಲಿ ಮುಖ ಹುದುಗಿಸಿದ್ದ ಹುಡುಗಿ ತಲೆ ಎತ್ತಲಿಲ್ಲ. "ಎಕ್ಸ್‌ಚೇಂಜಾ ಸರ್? ಮಾಡೆಲ್ ಯಾವುದು?"

"ಮುರ್ರಾ" ಅಂತ ಎಮ್ಮೆಯ ತಳಿ ಹೇಳಿದ ಗಾದ್ರಪ್ಪ.

"ಹೊಸ ಕಂಪನಿನಾ? ಎಷ್ಟು ವರ್ಷ ಬರುತ್ತೆ?"

"ಇನ್ನೂ ನಾಲ್ಕು ಕರು ಹಾಕುತ್ತೆ."

"ಡ್ಯಾಮೇಜು ಇದೆಯಾ?"

"ಒಂದು ಕೊಂಬು ಮುರಿದಿದೆ."

"ಚಾರ್ಜರ್ ತಂದಿದ್ದೀರಾ?"

ಗಾದ್ರಪ್ಪ ಹೆಗಲ ಮೇಲಿನ ಹುಲ್ಲಿನ ಹೊರೆಯನ್ನು ದೊಪ್ಪೆಂದು ಮೇಜಿನ ಮೇಲೆ ಇಳಿಸಿದ. ಆಗ ಹುಡುಗಿ ತಲೆ ಎತ್ತಿದಳು. ಅದೇ ಹೊತ್ತಿಗೆ ಎಮ್ಮೆ ಬಾಲ ಎತ್ತಿತು!

ಕಿರುಚಾಟ, ಓಡಾಟ! ಮಾಲೀಕ ಮೂಗು ಮುಚ್ಚಿಕೊಂಡು ಬಂದ. ಹೊಸದು ಕೊಡದೆ ಈ ಆಸಾಮಿ ಕದಲೋನಲ್ಲ. ಗಾಜಿನ ಪೆಟ್ಟಿಗೆಯಲ್ಲಿ ಅಂದಕ್ಕೆ ಇಟ್ಟಿದ್ದ ಟೊಳ್ಳು ಫೋನೊಂದನ್ನು ಎತ್ತಿ ಕೈಗಿಟ್ಟ. ಒಳಗೆ ಯಂತ್ರವಿಲ್ಲ, ತಂತ್ರವಿಲ್ಲ, ಮೇಲೆ ಮಾತ್ರ ನಗುವ ಮಗುವಿನ ಚಿತ್ರ ಅಂಟಿಸಿದ್ದು. "ತಗೋ ಸ್ವಾಮಿ, ನಿನ್ನ ಹಳೇದನ್ನೂ ಕರ್ಕೊಂಡು ಹೋಗು!"

ಇತ್ತ ಖಾಲಿ ಕೊಟ್ಟಿಗೆ ಕಂಡು ಎದೆ ಒಡೆದುಕೊಂಡಿದ್ದ ಸೂರಮ್ಮ, ದಾರಿಯಲ್ಲಿ ಎಮ್ಮೆಯನ್ನೂ ಎಮ್ಮೆಯ ಹಿಂದೆ ಮಗನನ್ನೂ ಕಂಡು ಉಸಿರು ಬಿಟ್ಟಳು.

"ಅವ್ವಾ! ಮಗುವಿನ ಮುಖ ಬಂತು ನೋಡು! ಗಳ ಬೇಡ, ಚಾರ್ಜು ಬೇಡ, ಆಗಲೇ ಬಂದುಬಿಡ್ತು!"

ಸೂರಮ್ಮ ನೋಡಿದಳು. ಸುಣ್ಣದಂಥ ಬಿಳಿ ಮಗು, ಬಂಗಾರದ ಕೂದಲು, ಬೆಕ್ಕಿನ ಕಣ್ಣು. "ನಮ್ಮ ಕರಿಯಣ್ಣಂಗೆ ಇಂಥಾದ್ದಾ?" ಅಂದಳು. ಅಂದು ನಕ್ಕಳು. ಎಷ್ಟೋ ದಿನದ ಮೇಲೆ ನಕ್ಕಳು. ಹೊಟ್ಟೆ ಹಿಡಿದುಕೊಂಡು ದಾರಿಯಲ್ಲೇ ಕೂತು ನಕ್ಕಳು. "ಹೋಗಲಿ ಬಿಡೋ. ಮುಖ ನೋಡೋಕೆ ಫೋನು ಯಾಕೆ, ಬಸ್ಸು ಐತಲ್ಲ! ಬಾ, ಇಬ್ಬರೂ ಹೋಗೋಣ. ಎಮ್ಮೆಯನ್ನ ಈರಣ್ಣ ನೋಡ್ಕೋತಾನೆ."

"ಫೋನು ಬಿಟ್ಟು ಹೋಗೋದಾ ಅವ್ವ?" ಅಂತ ಗಾದ್ರಪ್ಪ ಎಮ್ಮೆಯ ಹಗ್ಗವನ್ನು ಇನ್ನಷ್ಟು ಬಿಗಿಯಾಗಿ ಹಿಡಿದ.

ಇಷ್ಟು ನೋಡಿ ನಡೆದದ್ದು. ನಡೆದದ್ದು ನಡೆದ ಹಾಗೆ ಹೇಳಿದ್ದೀನಿ, ಒಂದು ಎಳೆ ಹೆಚ್ಚಿಲ್ಲ, ಒಂದು ಎಳೆ ಕಡಿಮೆ ಇಲ್ಲ. ಏನು ಕೆಂಚವ್ವ, ಹಾಗೆ ನೋಡ್ತೀಯ?

"ಎಲ್ಲ ಸರಿ ತಾತ. ಹಸಿರು ಗುಂಡಿ ಒತ್ತದಿದ್ದರೆ ಮಾತು ಕೇಳಲ್ಲ ಅಂದೆಯಲ್ಲ? ಎಮ್ಮೆ ಹೊಟ್ಟೆಯೊಳಗೆ ಅದನ್ನ ಒತ್ತಿದ್ದು ಯಾರು?"

ಯಾರು ಒತ್ತಿದರೋ. ಎಮ್ಮೆಯನ್ನೇ ಕೇಳಬೇಕಿತ್ತು. ಅದೂ ಹೋಯ್ತಲ್ಲ.