ಅಂಬೆಗಾಲು ಗುಡ್ಡ

ನಮ್ಮ ಕರೇಕಲ್ಲಹಟ್ಟಿಯ ಪಡುವಣಕ್ಕಿರುವ ಗುಡ್ಡ ಅಂಥ ಎತ್ತರದ್ದೇನಲ್ಲ. ಆನೆಗಾತ್ರದ ಬಂಡೆಗಳು ಒಂದರ ಮೇಲೊಂದು ಕೂತಿವೆ, ನಡುನಡುವೆ ಸೀತಾಫಲದ ಗಿಡ, ಕಾರೆಯ ಪೊದೆ, ಮಳೆ ಬಿದ್ದ ವರ್ಷ ನೀರು ನಿಲ್ಲುವ ದೊಣೆಗಳು. ಸುತ್ತಲಿನ ಗುಡ್ಡಗಳಿಗೆಲ್ಲ ಹುಲಿಯ ಹೆಸರೋ ದೇವರ ಹೆಸರೋ ಇದೆ. ನಮ್ಮದು ಮಾತ್ರ ಅಂಬೆಗಾಲು ಗುಡ್ಡ. ಬೇರೆ ಊರಿನವರು ಕೇಳಿ ನಗುತ್ತಾರೆ. ನಗಲಿ. ಕಥೆ ಗೊತ್ತಾದ ಮೇಲೂ ನಕ್ಕವರನ್ನು ನಾನಿನ್ನೂ ಕಂಡಿಲ್ಲ.

ಹಿಂದೆ ಒಮ್ಮೆ ಈ ಸೀಮೆಯನ್ನು ಬೊಮ್ಮಣ್ಣ ನಾಯಕನೆಂಬ ಪಾಳೆಯಗಾರ ಆಳುತ್ತಿದ್ದನಂತೆ. ಅವನು ಕತ್ತಿ ಹಿರಿದರೆ ಎದುರಾಳಿಯ ಕುದುರೆಯೂ ಹಿಂದೆ ಸರಿಯುತ್ತಿತ್ತು ಎನ್ನುತ್ತಾರೆ. ಕುದುರೆಯ ಮಾತು ನಾನು ಕಾಣೆ, ಗಂಡೆದೆಯವನೆಂಬುದು ನಿಜ. ಅಂಥವನ ಎದೆಯನ್ನೂ ಒಂದು ಹಾವು ಒಡೆದುಹಾಕಿತು. ಅವನ ಮೊದಲ ಮಗು ಇದೇ ಗುಡ್ಡದ ಬುಡದಲ್ಲಿ ಆಡುತ್ತಿದ್ದಾಗ ಹಾವು ಕಚ್ಚಿ ತೀರಿಕೊಂಡಿತು. ಆಮೇಲೆ ಹುಟ್ಟಿದ ಮಗಳು ದಾನವ್ವನನ್ನು ನಾಯಕ ನೆಲಕ್ಕೇ ಬಿಡಲಿಲ್ಲ. ಅವಳದು ಸೊಂಟದಿಂದ ಸೊಂಟಕ್ಕೆ, ತೊಟ್ಟಿಲಿನಿಂದ ಮಂಚಕ್ಕೆ ಪ್ರಯಾಣ. ಅವಳ ಪಾದಕ್ಕೆ ಮಣ್ಣು ಸೋಕಿಸಿದವರು ಊರು ಬಿಡಬೇಕೆಂದು ಡಂಗುರ ಹೊಡೆಸಿದ್ದ. ವಾರಗೆಯ ಮಕ್ಕಳು ಓಡತೊಡಗಿದರೂ ದಾನವ್ವ ಹೆಜ್ಜೆಯಿಡಲಿಲ್ಲ. ಕಾಲುಗಳು ನವಣೆ ದಂಟಿನಂತೆ ಸಣ್ಣಗೆ ಉಳಿದವು. ಪ್ರೀತಿಯೇ ಆ ಮಗುವಿನ ಕಾಲು ಕಿತ್ತುಕೊಳ್ಳುತ್ತಿತ್ತು, ದೊರೆಗೆ ಅದನ್ನು ಹೇಳುವವರು ಯಾರು?

ಊರಿನ ಸೂಲಗಿತ್ತಿ ಕರಿಯವ್ವನಿಗೆ ಒಂದು ಪದ್ಧತಿಯಿತ್ತು. ತಾಯಂದಿರು ಕಳೆ ಕೀಳಲೋ ಕಲ್ಲು ಹೊರಲೋ ಹೋದಾಗ ಅವರ ಪುಟ್ಟ ಮಕ್ಕಳನ್ನೆಲ್ಲ ಗುಡ್ಡಕ್ಕೆ ಹೊಡೆದುಕೊಂಡು ಹೋಗುವಳು. ಪ್ರತಿ ಮಗುವಿನ ಕೈಗೂ ಒಂದು ಕೋಲು. ಎಲ್ಲಿ ಕೂರುವುದಿದ್ದರೂ, ಏನನ್ನು ಮುಟ್ಟುವುದಿದ್ದರೂ ಮೊದಲು ಕೋಲಿನಿಂದ ತಟ್ಟಬೇಕು, ಒಳಗಿರುವ ಹಾವಿಗೋ ಚೇಳಿಗೋ ಸರಿದುಹೋಗಲು ಹೊತ್ತು ಕೊಡಬೇಕು, ಆಮೇಲೆ ಎಷ್ಟು ಬೇಕಾದರೂ ನೋಡಬಹುದು. ಅಷ್ಟೇ ಅವಳ ಪಾಠ. ನಾಯಕ ದಂಡಿನೊಡನೆ ದೂರ ಹೋಗಿದ್ದಾಗ ಅವನ ಹೆಂಡತಿ ಎದೆ ಗಟ್ಟಿಮಾಡಿಕೊಂಡು ದಾನವ್ವನನ್ನು ಈ ಅಜ್ಜಿಯ ಮಡಿಲಿಗೆ ಹಾಕಿದಳು. ಊರು ಬಿಡುವ ಭಯ ಕರಿಯವ್ವನಿಗೂ ಇತ್ತು. ಆದರೆ ತಾನೇ ಹೆರಿಗೆ ಮಾಡಿಸಿದ ಮಗುವಿನ ಆ ಕಾಲುಗಳನ್ನು ಅವಳಿಂದ ನೋಡಲಾಗಲಿಲ್ಲ. ಬಿಸಿಲಿಗೆ ಬೆಚ್ಚಗಾಗಿದ್ದ ಬಂಡೆಯ ಮೇಲೆ ಮಗುವನ್ನು ಇಳಿಸಿಬಿಟ್ಟಳು. ದಾನವ್ವ ಮೊದಲು ಅತ್ತಳು, ಆಮೇಲೆ ಇರುವೆ ಸಾಲಿನ ಹಿಂದೆ ತೆವಳಿದಳು. ಹೀಗೆ ತಿಂಗಳುಗಳು ಕಳೆದವು.

ಒಂದು ಬೆಳಗ್ಗೆ ನಾಯಕ ಸುಳಿವು ಕೊಡದೆ ಮರಳಿದ. ಮನೆಯಲ್ಲಿ ಮಗಳಿಲ್ಲ. ಹೆಂಡತಿ ನಡೆದದ್ದನ್ನು ಹೇಳಿದ್ದೇ ತಡ, ಕತ್ತಿಯ ಹಿಡಿಗೆ ಕೈಯಿಟ್ಟುಕೊಂಡೇ ಗುಡ್ಡ ಹತ್ತಿದ. ಕರಿಯವ್ವ ದೊಡ್ಡ ಬಂಡೆಯೊಂದರ ಮುಂದೆ ಕೂತಿದ್ದಳು. ಬಂಡೆಯಡಿಯಲ್ಲಿ ಮಕ್ಕಳೆತ್ತರದ ಸಂದು, ಅದರಾಚೆ ಮಕ್ಕಳ ಪಿಸುಮಾತು.

"ನನ್ನ ಮಗಳೆಲ್ಲೇ?"

"ಆಚೀಗವ್ಳೆ, ದೊರೆ. ನಾನು ಊರು ಬಿಡಾದು ಇದ್ದೇ ಐತೆ, ಮದ್ಲು ಹೋಗಿ ನೋಡು. ಕತ್ತಿ ಇಲ್ಲೇ ಇಡು, ಅದನ್ನ ಕಟ್ಕಂಡು ತೂರಕಾಗಲ್ಲ."

ಕತ್ತಿ ಕೆಳಗಿಟ್ಟ. ಬಂಡೆಗೆ ತಾಗಿ ರುಮಾಲೂ ಬಿತ್ತು. ಯಾರಿಗೂ ತಲೆ ಬಾಗದ ನಾಯಕ ಅಂಗೈ, ಮಂಡಿ ಊರಿಕೊಂಡು ಆ ಸಂದಿನಲ್ಲಿ ಹೊರಟ. ಆಚೆಗೆ ತಲೆ ಹಾಕಿದಾಗ ದಾನವ್ವ ಕೋಲೂರಿಕೊಂಡು ನಿಂತಿದ್ದಳು. ಎದುರಿನ ಕಲ್ಲಿನ ಮೇಲೆ ಕೆಂಪು ಕತ್ತಿನ ಓತಿಕೇತ ತಲೆಯಾಡಿಸುತ್ತಿತ್ತು. ಅಪ್ಪನನ್ನು ಕಂಡವಳೇ ತುಟಿಯ ಮೇಲೆ ಬೆರಳಿಟ್ಟಳು.

"ಏಳಬ್ಯಾಡ ಅಪ್ಪಾ, ಅದು ಹೆದರ್ಕಂತದೆ. ನಾನೇ ಬತ್ತೀನಿ."

ಬಂದಳು. ಕೋಲನ್ನು ಮುಂದಿಟ್ಟು, ಒಂದೊಂದೇ ಹೆಜ್ಜೆಯಿಟ್ಟು ನಡೆದೇ ಬಂದಳು. ನಾಯಕ ಏಳಲಿಲ್ಲ. ನಾಲ್ಕು ಕಾಲಿನಲ್ಲಿದ್ದ ಹಾಗೆಯೇ ಸದ್ದಿಲ್ಲದೆ ಅತ್ತನೆನ್ನುತ್ತಾರೆ. ಕರಿಯವ್ವ ಊರು ಬಿಡಲಿಲ್ಲ. ಹಳೆಯ ಡಂಗುರ ರದ್ದಾಯಿತು, ಆ ಸಂದನ್ನು ಯಾರೂ ಎಂದೂ ಅಗಲ ಮಾಡಕೂಡದೆಂದು ಹೊಸ ಡಂಗುರ ಸಾರಿತು.

ಸಂದು ಇಂದಿಗೂ ಹಾಗೆಯೇ ಇದೆ. ಅಂಗನವಾಡಿಯ ಮಕ್ಕಳು ನೆಟ್ಟಗೆ ನಡೆದು ದಾಟುತ್ತಾರೆ, ದೊಡ್ಡವರು ಸಾಹೇಬರೇ ಆದರೂ ಮಂಡಿಯೂರಲೇಬೇಕು. ತೂರಿ ಹೋದವರಿಗೆ ಆಚೆ ಒಂದು ಕೆತ್ತಿದ ಕಲ್ಲು ಕಾಣುತ್ತದೆ. ಬೇರೆ ಊರುಗಳ ಕಲ್ಲಿನಲ್ಲಿ ದೊರೆ ಕುದುರೆಯ ಮೇಲಿರುತ್ತಾನೆ, ಕೈಯಲ್ಲಿ ಕತ್ತಿಯಿರುತ್ತದೆ. ನಮ್ಮ ಕಲ್ಲಿನಲ್ಲಿ ಮಗಳು ನಿಂತಿದ್ದಾಳೆ, ದೊರೆ ಅಂಬೆಗಾಲಿನಲ್ಲಿದ್ದಾನೆ. ಹಾಗೆಯೇ ಕೆತ್ತಬೇಕೆಂದು ಹೇಳಿದವನು ಸ್ವತಃ ಬೊಮ್ಮಣ್ಣ ನಾಯಕನೇ ಎನ್ನುತ್ತಾರೆ.