ಅವ್ವನ ಬಾಯಿ ಕಟ್ಟಿದ ಜವರ

ಚಿಕ್ಕತಾಯಮ್ಮನಿಗೆ ಒಬ್ಬನೇ ಮಗ, ಜವರ. ಹೇಳಿದ್ದನ್ನು ಹೇಳಿದ ಹಾಗೇ ಮಾಡಿಬಿಡುವ ಪೆದ್ದ. ಅವ್ವನೋ, ಯಾರು ಹೇಳಿದ್ದನ್ನೂ ಕೇಳದ ಹಟಮಾರಿ. ಅವಳಿಗೆ ಸಕ್ಕರೆ ಕಾಯಿಲೆ ಬಂತು, ಕಣ್ಣು ಮಂಜಾಯಿತು. ಆದರೂ ಬೆಲ್ಲದ ಡಬ್ಬಿ ಬಿಡಲಿಲ್ಲ. "ಬೆಲ್ಲ ಬುಟ್ಟು ಬದುಕೋದೂ ಒಂದು ಬದುಕಾ?" ಅನ್ನುವಳು. ತನ್ನ ಕಣ್ಣು ಹೋದರೆ ಈ ಪೆದ್ದನನ್ನು ನೋಡಿಕೊಳ್ಳುವವರು ಯಾರು ಅಂತ ಒಳಗೊಳಗೇ ಹೆದರುವಳು.

ಆಸ್ಪತ್ರೆಯ ಡಾಕ್ಟರಮ್ಮ ಜವರನನ್ನು ಕರೆದು, "ಕಣ್ಣು ಉಳೀಬೇಕಾದ್ರೆ ನಿಮ್ಮವ್ವ ಬಾಯಿ ಕಟ್ಟಬೇಕು ಕಣಪ್ಪ" ಅಂದರು.

ಜವರ ಮನೆಗೆ ಬಂದವನೇ, ಅಕ್ಕಿ ಆರಿಸುತ್ತ ಕೂತಿದ್ದ ಅವ್ವನ ಬಾಯಿಗೆ ಟವಲ್ ಬಿಗಿದು ಗಂಟು ಹಾಕಿದ. ಅವ್ವ ಟವಲ್ ಕಿತ್ತೆಸೆದಳು.

"ಬಾಯಿ ಕಟ್ಟೋದು ಅಂದ್ರೆ ಬೆಲ್ಲ ಮುಟ್ಟದೆ ಇರೋದು ಕಣ್ಲಾ, ಪೆದ್ದ ಮುಂಡೇದೆ."

"ಹಂಗೇ ಆಗ್ಲಿ ಕಣವ್ವ."

ಮಾರನೆಯ ದಿನ ಅವ್ವ ಡಬ್ಬಿಗೆ ಕೈ ಹಾಕಿದಳು. ಜವರ ಕಿತ್ತುಕೊಂಡ. "ಮುಟ್ಬ್ಯಾಡ ಕಣವ್ವ" ಅಂದವನೇ, ತಾನೇ ಒಂದು ಚೂರು ಮುರಿದು ಅವಳ ಬಾಯಿಗಿಟ್ಟ. ಇದಕ್ಕೆ ಮಾತ್ರ ಅವ್ವ ಬೈಯಲಿಲ್ಲ. ದಿನವೂ ಬಾಯಿ ತೆರೆದು ಕೂತಳು.

ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿ, ಜವರನಿಂದ ನಡೆದದ್ದು ಕೇಳಿ ತಲೆ ಚಚ್ಚಿಕೊಂಡರು. "ಅಲ್ವೋ, ಬೆಲ್ಲ ತಿನ್ನಿಸ್ತೀಯಾ? ಸೊಪ್ಪು, ರಾಗಿ ಕೊಡು. ದಿನಾ ಬೆಳಗ್ಗೆ ಕೆರೆ ತನಕ ನಡೆಸು. ಏನೇ ಆದ್ರೂ ನಿಮ್ಮವ್ವನ ಕೈ ಬಿಡಬೇಡ."

ಜವರ ಅವ್ವನ ಕೈ ಹಿಡಿದ. ಕೆರೆಗೆ ಹೋದರೂ ಬಿಡಲಿಲ್ಲ, ನಲ್ಲಿಗೆ ಹೋದರೂ ಬಿಡಲಿಲ್ಲ, ನೆಂಟರ ಮದುವೆಯಲ್ಲಿ ಎಲೆ ಮುಂದೆ ಕೂತರೂ ಬಿಡಲಿಲ್ಲ.

"ಬುಡ್ಲಾ."

"ಬುಡಾಕಿಲ್ಲ."

ಎಲೆಯಲ್ಲಿ ಹೋಳಿಗೆ, ಬಲಗೈ ಮಗನ ಮುಷ್ಟಿಯಲ್ಲಿ. ನಾಲ್ಕು ಜನರೆದುರು ಎಡಗೈಯಲ್ಲಿ ತಿನ್ನಲು ಅವಳಿಗೆ ನಾಚಿಕೆ. ಜವರ ಸೊಪ್ಪಿನ ಪಲ್ಯ ತುತ್ತು ಮಾಡಿ ತಿನ್ನಿಸಿದ. ಅವ್ವ ಬೈದಳು, ಗುದ್ದಿದಳು, ಶಾಪ ಹಾಕಿದಳು. ಅವನು ನಡೆದ ಕಡೆ ತಾನೂ ನಡೆದಳು.

ಒಂದು ಬೆಳಗ್ಗೆ ಜವರ ಇನ್ನೂ ಮಲಗಿದ್ದ. ಅವ್ವನೇ ಅವನನ್ನು ಕಾಲಲ್ಲಿ ತಿವಿದು ಕೈ ಚಾಚಿದಳು. "ಏಳ್ಲಾ, ಕೆರೆಗೆ ಹೊತ್ತಾಯ್ತು."

ಸುಗ್ಗಿಯ ಹೊತ್ತಿಗೆ ಸಕ್ಕರೆ ಇಳಿಯಿತು, ಕಣ್ಣು ಉಳಿಯಿತು. "ಇಂಥ ಮಗನನ್ನ ತಲೆ ಮೇಲೆ ಹೊತ್ಕೊಂಡು ಮೆರೆಸಬೇಕು ಕಣಮ್ಮ" ಅಂದರು ಡಾಕ್ಟರಮ್ಮ. ಅವ್ವನಿಗೆ ಸಂತೋಷಕ್ಕೆ ಕಣ್ಣೀರೇ ಬಂತು.

ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ಜವರ ಮೇಲಿನ ಮೆಟ್ಟಿಲಲ್ಲೇ ನಿಂತು ಒಂದು ಕೈಯಲ್ಲಿ ಪಂಚೆ ಮೇಲೆತ್ತಿಕೊಂಡ.

"ಬಗ್ಗವ್ವ."

"ಯಾಕ್ಲಾ?"

"ತಲೆ ಮ್ಯಾಲೆ ಕೂತ್ಕತೀನಿ."

"ಬಗ್ಗಾಕಿಲ್ಲ, ಹೋಗ್ಲಾ."

ಹಿಡಿದ ಕೈ ಬಿಡದೆ ಜವರ ಒಂದು ಕಾಲನ್ನು ಅವಳ ಹೆಗಲ ಮೇಲಿಟ್ಟ.

"ನಿನ್ ಹಟ ಸಾಕು ಕಣವ್ವ. ಡಾಕ್ಟ್ರಮ್ಮ ಹೇಳಿದ್ರಲ್ಲಿ ಇದೊಂದಾದ್ರೂ ಕೇಳು."