ಆಲೆಮನೆಯವನ ಹೊಸ ಗ್ರಂಥಿ

"ಬುದ್ಧಿ, ಏನಾಗುತ್ತೋ ನನಗೇ ಗೊತ್ತಿಲ್ಲ ಅನ್ನೋ ಡಾಕ್ಟರ ಕೈಗೆ ಹೊಟ್ಟೆ ಕೊಡಬಹುದಾ?" ಎಂದು ಶಿಷ್ಯ ಚಿಕ್ಕಲಿಂಗಯ್ಯ ಗುರುಗಳನ್ನು ಕೇಳಿದ. ಅವನಿಗೆ ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. ಹೊಸದೊಂದು ಆಪರೇಷನ್ನಿಗೆ ಒಪ್ಪಿಗೆ ಕೇಳಿ ಆಸ್ಪತ್ರೆಯವರು ಕೊಟ್ಟ ಕಾಗದ ಕೈಯಲ್ಲಿತ್ತು.

ಗುರುಗಳು ಕಾಗದ ನೋಡಲಿಲ್ಲ, ಕತೆ ಹೇಳಿದರು.

ಒಬ್ಬ ಆಲೆಮನೆಯವನಿದ್ದ. ಊರಿಗೆಲ್ಲ ಬೆಲ್ಲ ಕಾಯಿಸಿಕೊಟ್ಟು, ತಾನು ಎರಡು ಹೊತ್ತೂ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದ. ಸಕ್ಕರೆಯನ್ನು ಹದದಲ್ಲಿಡುವ ಮೇದೋಜೀರಕ ಗ್ರಂಥಿ ಅವನಲ್ಲಿ ಕೆಲಸ ಬಿಟ್ಟಿತ್ತು. ತೀರಿಕೊಂಡವರೊಬ್ಬರ ಗ್ರಂಥಿಯನ್ನು ನಿಮ್ಮ ಹೊಟ್ಟೆಗೆ ಹೊಲಿದು ನೋಡುತ್ತೇವೆ ಎಂದರು ಡಾಕ್ಟರು.

"ನೋಡ್ತೀವಿ ಅಂದ್ರೆ?"

"ನಾಲ್ಕು ಜನಕ್ಕೆ ಮಾಡಿದ್ದೀವಿ ಯಜಮಾನ್ರೇ. ಇಬ್ಬರು ಸೂಜಿ ಬಿಟ್ಟರು, ಇಬ್ಬರಿಗೆ ಕೂಡಿಬರಲಿಲ್ಲ. ನಿಮ್ಮದು ಗೊತ್ತಿಲ್ಲ."

"ನಮ್ಮಲ್ಲಿ ಪಾಕ ಕೆಟ್ಟರೆ ದನಕ್ಕೆ ಹಾಕ್ತೀವಿ. ನೀವೇನು ಮಾಡ್ತೀರಿ?"

"ಪುಸ್ತಕದಲ್ಲಿ ಬರೆದಿಡ್ತೀವಿ, ಮುಂದಿನವರಿಗೆ ಬೇಕಾಗುತ್ತೆ."

ಈ ಮಾತು ಅವನಿಗೆ ಹಿಡಿಸಿತು. ಹೆಬ್ಬೆಟ್ಟು ಒತ್ತಿದ.

ಗ್ರಂಥಿ ಕೂಡಿಬಂತು. ತಿಂಗಳೊಳಗೆ ಸೂಜಿ ನಿಂತಿತು. ಅದಿನ್ನೂ ಎಳೆಯದು, ಮೂರು ತಿಂಗಳು ಸಿಹಿ ಮುಟ್ಟಬೇಡಿ ಎಂದು ಡಾಕ್ಟರು ಮನೆಗೆ ಕಳಿಸಿದರು. ಆದರೆ ಆಲೆಮನೆಯ ರೂಢಿ ಬೇರೆ. ಹೊಸ ಕೊಪ್ಪರಿಗೆ ಒಲೆಗೇರಿದ ದಿನವೇ ಅಂಚಿನವರೆಗೂ ಕಬ್ಬಿನಹಾಲು ತುಂಬಿ ಕುದಿಸುತ್ತಾರೆ, ಸೋರುವುದಿದ್ದರೆ ಮೊದಲೇ ಸೋರಲಿ ಅಂತ. ಹೊಟ್ಟೆಯೊಳಗಿನದು ಎಷ್ಟು ತಡೆದೀತು ಎಂದು ಅವನಿಗೂ ಕುತೂಹಲ. ಒಂದು ಅಚ್ಚು ಬೆಲ್ಲ ತಿಂದ. ಏನೂ ಆಗಲಿಲ್ಲ. ಪರೀಕ್ಷೆಯನ್ನು ಅರ್ಧಕ್ಕೆ ನಿಲ್ಲಿಸಬಾರದೆಂದು ವಾರವಿಡೀ ತಿಂದ.

ಆಸ್ಪತ್ರೆಗೆ ತೋರಿಸಲು ಹೋದಾಗ ರಕ್ತದಲ್ಲಿ ಸಕ್ಕರೆ ಏರಿತ್ತು.

"ಏನು ತಿಂದ್ರಿ?" ಎಂದರು ಡಾಕ್ಟರು.

"ಮುದ್ದೆ, ಸೊಪ್ಪಿನ ಸಾರು."

ಡಾಕ್ಟರು ತಲೆ ಕೆರೆದುಕೊಂಡು, ಐದನೆಯದೂ ಕೂಡಿಬರಲಿಲ್ಲ ಎಂದು ಬರೆದರು. ಹೊರಗೆ ಬೆಂಚಿನ ಮೇಲೆ ಆರನೆಯವಳು ಕಾಯುತ್ತಿದ್ದಳು. ಬಟ್ಟೆ ಹೊಲಿಯುವ ಹೆಂಗಸು. ಕಾಯಿಲೆಗೆ ಕಣ್ಣು ಮಂಜಾಗುತ್ತಾ ಬಂದು, ಸೂಜಿಗೆ ದಾರ ಪೋಣಿಸಲು ಪಕ್ಕದ ಮನೆಯವರನ್ನು ಕರೆಯುತ್ತಿದ್ದಳು.

"ಸದ್ಯಕ್ಕೆ ಆಪರೇಷನ್ ನಿಲ್ಲಿಸಿದ್ದೀವಿ, ಮನೆಗೆ ಹೋಗಮ್ಮ" ಎಂದರು ಡಾಕ್ಟರು.

ಅವಳು ಚೀಲ ಎತ್ತಿಕೊಂಡಳು. ಆಲೆಮನೆಯವನು ಅವಳು ಬಾಗಿಲು ದಾಟುವವರೆಗೆ ನೋಡಿದ. ಆಮೇಲೆ ತಡೆಯಲಾಗಲಿಲ್ಲ.

"ಬರೆದದ್ದು ಹೊಡೆದುಹಾಕಿ ಡಾಕ್ಟ್ರೇ. ಮುದ್ದೆ ಅಲ್ಲ, ಬೆಲ್ಲ. ಹದಿನಾಲ್ಕು ಅಚ್ಚು."

ಡಾಕ್ಟರು ಬೈಯಲಿಲ್ಲ. "ಹದಿನಾಲ್ಕಾ?" ಎಂದು ಇನ್ನೊಮ್ಮೆ ಕೇಳಿ ಬರೆದುಕೊಂಡರು. ಹೆಂಗಸನ್ನು ಕರೆತರಲು ಆಳು ಕಳಿಸಿದರು.

ಗುರುಗಳು ಕತೆ ನಿಲ್ಲಿಸಿದರು. ಚಿಕ್ಕಲಿಂಗಯ್ಯ, "ಹಾಗಾದರೆ ನನ್ನ ಡಾಕ್ಟರನ್ನು ನಂಬಲಾ ಬುದ್ಧಿ?" ಎಂದ.

"ನಿನ್ನೆ ಎರಡನೇ ಸಲ ಬಡಿಸಿಕೊಂಡ ಹೋಳಿಗೆಯನ್ನು ಅವರಿಗೆ ಹೇಳಿದೆಯಾ?" ಎಂದರು ಗುರುಗಳು.